ಅರೆಗೇಣು

ನೂರ ಎಂಟು ಯೂರೋ. ಹೋಗುವುದಕ್ಕೆ ಮಾತ್ರ.
ಬರುವುದಕ್ಕೆ ಮತ್ತೆ ಅಷ್ಟೇ.
ಕೊಡುವುದೇನು? ಹನ್ನೆರಡು ಸೆಂಟಿಮೀಟರ್,
ಮೊಣಕಾಲಿನ ಮುಂದೆ ಅರೆಗೇಣು ಗಾಳಿ.
ಸೆಂಟಿಮೀಟರಿಗೆ ಒಂಬತ್ತು ಬಿತ್ತು ಎಂದೆ.
ಮೂವತ್ತಾರು ವರ್ಷ ಡೇರಿಯ ಲೆಕ್ಕ ಬರೆದವಳು,
ಅಡುಗೆಮನೆಯಲ್ಲೂ ಭಾಗಾಕಾರ ಬಿಡುವುದಿಲ್ಲ.

ವೀಬೆ ಮಾತಾಡಲಿಲ್ಲ.
ಆರಡಿ ಒಂಬತ್ತಂಗುಲದ ಮನುಷ್ಯ,
ಹೇಳುವುದನ್ನೆಲ್ಲ ಬೆನ್ನು ಬಗ್ಗಿಸಿಯೇ ಹೇಳುತ್ತಾನೆ.
ಹಾರ್ಲಿಂಗನ್ನಿನ ನಮ್ಮ ಮನೆಯ ಬಾಗಿಲಿಗೆ ಅವನ ಹಣೆಯ ಗುರುತುಂಟು,
ಅವನ ಹಣೆಗೆ ಬಾಗಿಲಿನದು.
ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರಲ್ಲ,
ಇವನು ಮದುವೆಯಾದ ವಾರವೇ ಗರಗಸ ತಂದು
ಕಾಲಿದ್ದಷ್ಟು ಮಂಚ ಚಾಚಿದವನು.

ಸಮುದ್ರವನ್ನು ಹಿಂದಕ್ಕೆ ನೂಕಿ ನೆಲ ಮಾಡಿಕೊಂಡ ಜನ ನಾವು.
ಕಟ್ಟೆಯ ಆಚೆ ಉಪ್ಪುನೀರು, ಈಚೆ ಆಲೂಗಡ್ಡೆ.
ಗೇಣು ಜಾಗಕ್ಕೆ ಬೆಲೆಯುಂಟೆಂದು
ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.
ಆದರೆ ಇದು ಹತ್ತು ಗಂಟೆಯ ನೆಲ,
ವ್ಯಾಂಕೂವರಿನಲ್ಲಿ ಇಳಿದ ಕೂಡಲೇ ಬೇರೆಯವರ ಪಾಲು.

ಪರೀಕ್ಷೆ ಮಾಡೋಣ ಎಂದ.
ಕುರ್ಚಿಯನ್ನು ಫ್ರಿಜ್ಜಿಗೆ ಎದುರಾಗಿ ಇಟ್ಟ.
ಹೊಲಿಗೆಯ ಟೇಪು ಹಿಡಿದು ನಾನು ಅಳೆದೆ,
ಕಂಪನಿ ಹೇಳಿದಷ್ಟೇ, ಕೂದಲೆಳೆ ಹೆಚ್ಚಿಲ್ಲ.
ಕೂತ. ಮೊಣಕಾಲು ಒತ್ತಿ
ಫ್ರಿಜ್ಜಿನ ಬಾಗಿಲಲ್ಲಿ ದಂತವೈದ್ಯರ ಚೀಟಿ ನಡುಗಿತು.
ರೇಡಿಯೋದಲ್ಲಿ ಫುಟ್‌ಬಾಲ್. ಮೊದಲರ್ಧವೂ ಮುಗಿದಿಲ್ಲ,
ಮೂವತ್ತೆಂಟನೆಯ ನಿಮಿಷಕ್ಕೆ ಎದ್ದ, ಅಂದರೆ ಏಳಲು ನೋಡಿದ.
ನನಗೆ ಒಳಗಿನ ಹಾಲು ಬೇಕಿತ್ತು,
ಅವನಿಗೆ ನನ್ನ ಕೈ.

ಸರಿ, ಕೊಂಡೆವು.
ಒಂದೇ. ನನ್ನ ಕಾಲು ಮಾಮೂಲಿ ಸೀಟಿನಲ್ಲೇ ನೆಲ ಮುಟ್ಟುವುದಿಲ್ಲ.
ಅವನಿಗೆ ಇಪ್ಪತ್ತೊಂದನೆಯ ಸಾಲು, ತುರ್ತು ಬಾಗಿಲ ಪಕ್ಕ;
ನನಗೆ ಹಿಂದೆಲ್ಲೋ ಮೂವತ್ತೆಂಟರ ಕಿಟಕಿ.
'ಅಗತ್ಯ ಬಿದ್ದರೆ ಈ ಬಾಗಿಲು ತೆಗೆಯಬಲ್ಲಿರಾ?' ಎಂದು ಕೇಳಿದರಂತೆ.
ಬದುಕಿಡೀ ಕಾಲುವೆಯ ತೂಬು ತೆಗೆದವನು
ಹೂಂ ಎಂದನಂತೆ.
ಮದುವೆಯ ದಿನವೂ ಅಷ್ಟು ಗಟ್ಟಿಯಾಗಿ ಅಂದವನಲ್ಲ.

ಇಳಿದ ಮೇಲೆ, ಪೆಟ್ಟಿಗೆ ಕಾಯುತ್ತ, ವರದಿ:
ಬಾಗಿಲ ಬುಡದಿಂದ ಚಳಿ ತೆವಳಿ ಪಾದ ಮರಗಟ್ಟಿತು.
ಶೌಚಾಲಯದ ಸರತಿ ಅವನ ಅರೆಗೇಣಿನಲ್ಲೇ ನಿಂತಿತು.
ಯಾರದೋ ಅಜ್ಜ ಅಲ್ಲೇ ಬಸ್ಕಿ ಹೊಡೆದ.
ಒಬ್ಬ ತಾಯಿ ಗ್ರೀನ್‌ಲ್ಯಾಂಡ್ ದಾಟುವವರೆಗೂ
ಅವನ ಹೆಬ್ಬೆರಳ ಮೇಲೆ ನಿಂತು ಮಗುವನ್ನು ತೂಗಿದಳು.
'ದುಡ್ಡು ಕೊಟ್ಟು ಬಯಲು ಕೊಂಡೆ, ಸಂತೆ ನೆರೆಯಿತು.'
ಮೊಣಕಾಲು?
'ಮೊಣಕಾಲು ಚೆನ್ನಾಗಿದೆ.'

ನಾನು ಹೇಳದೆ ಉಳಿಸಿಕೊಂಡದ್ದು ಇದು.
ನನ್ನ ಪಕ್ಕಕ್ಕೆ ಯಾರೂ ಬರಲಿಲ್ಲ. ಅದರ ಪಕ್ಕಕ್ಕೂ.
ವಿಮಾನದ ಬಾಗಿಲು ಮುಚ್ಚಿದ್ದೇ ತಡ
ನಡುವಿನ ಕೈಗಳನ್ನು ಮೇಲೆತ್ತಿ, ಬೂಟು ಬಿಚ್ಚಿ
ಮೂರು ಸೀಟಿನ ಉದ್ದಕ್ಕೂ ಮಲಗಿದೆ.
ತಲೆ ಕಿಟಕಿಗೆ, ಕಾಲು ಎಲ್ಲಿಗೂ ತಾಗದೆ.

ಒಮ್ಮೆ ಎಚ್ಚರವಾಗಿ ಪರದೆಯವರೆಗೆ ನಡೆದೆ.
ಎಲ್ಲ ತಲೆಗಳ ಮೇಲೆ ಅವನ ಬಿಳಿತಲೆ ತೂಕಡಿಸುತ್ತಿತ್ತು,
ಸುತ್ತ ನಾಲ್ಕು ಜನ.
ಕರೆಯಬಹುದಿತ್ತು.
ಕರೆದಿದ್ದರೆ ಬರುತ್ತಿದ್ದ,
ಕಾಲುಗಳ ಸಮೇತ.
ನಲವತ್ತೊಂದು ವರ್ಷ ಆ ಉದ್ದದ ಮಂಚದ ಅಂಚಿನಲ್ಲಿ ಮಲಗಿದವಳು
ಸದ್ದಿಲ್ಲದೆ ಹಿಂದಿರುಗಿ ಕಂಬಳಿ ಎಳೆದುಕೊಂಡೆ.

ಅವನಕ್ಕ ಫ್ರೌಕೆಯ ಮನೆಯಲ್ಲಿ ಆ ರಾತ್ರಿ
ಖರ್ಚಿನ ಪುಸ್ತಕ ತೆರೆದು ಬರೆದೆ: ಸೀಟು, ನೂರ ಎಂಟು.
ಯಾರ ಖಾತೆಗೆ ಎಂಬಲ್ಲಿ ಪೆನ್ನು ನಿಂತಿತು.
'ಬರುವಾಗ ಜೊತೆಗೇ ಕೂರೋಣ,' ಎಂದ ವೀಬೆ
ಎರಡನೆಯ ಜೋಡಿ ಕಾಲುಚೀಲ ಏರಿಸುತ್ತ, 'ದುಡ್ಡು ದಂಡ.'
'ಬೇಡ ಬೇಡ,' ಎಂದೆ,
'ನಿನ್ನ ಮೊಣಕಾಲು ನೋಡಬೇಕಲ್ಲ.'